ಚಿಕ್ಕವ್ವನ ಕೈ ಮತ್ತು ಹತ್ತು ರೂಪಾಯಿ ಚೀಟಿ



ಉದ್ದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ. ಮೂರು ತಿಂಗಳಿಂದ ಬರೀಬೇಕು ಅಂತಿದ್ದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಇಳಿಯೋ ಹಾಗೆ ಕಾಣ್ತಿಲ್ಲ.

ನಮ್ಮ ಚಿಕ್ಕವ್ವ ಟೊಮೇಟೊ ತೋಟಕ್ಕೆ ಕೂಲಿಗೆ ಹೋಗೋಳು. ಒಂದು ಶನಿವಾರ ಮಧ್ಯಾಹ್ನದಿಂದ ವಾಂತಿ ಭೇದಿ ಹತ್ಕೊಂಡು, ಸಂಜೆ ಹೊತ್ತಿಗೆ ಎದ್ದು ನಿಲ್ಲೋಕೂ ಆಗದೆ ಕೂತ್ಬಿಟ್ಟಳು. ಅವಳ ಮಗಳು ಆಟೋ ಮಾಡ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದಳು. ಹತ್ತು ರೂಪಾಯಿ ಚೀಟಿ ಮಾಡಿಸಿದ್ರು, ಅಡ್ಮಿಟ್ ಆಯ್ತು. ಬಲಗೈ ಹಿಂಭಾಗಕ್ಕೆ ಸೂಜಿ ಹಾಕಿ ಡ್ರಿಪ್ಸ್ ಏರಿಸಿದ್ರು. ಇಲ್ಲೀವರೆಗೂ ಯಾರದೂ ತಪ್ಪಿಲ್ಲ. ಭೇದಿ ಆಗಿ ನೀರು ಬತ್ತಿದ ಮೈಗೆ ಡ್ರಿಪ್ಸ್ ಜೀವ ಉಳಿಸುತ್ತೆ.

ರಾತ್ರಿ ಎರಡನೇ ಬಾಟ್ಲಿಗೆ ಏನೋ ಒಂದು ಔಷಧಿ ಸೇರಿಸಿದ್ರು. ಸ್ವಲ್ಪ ಹೊತ್ತಿಗೆ ಚಿಕ್ಕವ್ವ "ಉರಿತೈತೆ ಕಣವ್ವ, ಕೈಯೊಳಗೆ ಬೆಂಕಿ ಇಟ್ಟಂಗೈತೆ" ಅಂದಳು. ಮಗಳು ಹೋಗಿ ಹೇಳಿದಳು. ಸಿಸ್ಟರ್ ಟೇಬಲ್ ಹತ್ರದಿಂದಲೇ "ಸೂಜಿ ಚುಚ್ಚಿದ್ರೆ ಉರಿಯಲ್ವೇನಮ್ಮ? ಸುಮ್ನೆ ಮಲಗಕ್ಕೆ ಹೇಳು" ಅಂದ್ರು. ಇನ್ನೊಂದು ಸಲ ಹೋದಳು. "ಎಷ್ಟು ಸಲ ಬರ್ತೀಯಾ? ನಿಮ್ಮೋರೊಬ್ಬರೇನಾ ಇಲ್ಲಿರೋದು?" ಮೂರನೇ ಸಲ ಹೋಗೋಕೆ ಮಗಳಿಗೆ ಹೆದರಿಕೆ ಆಯ್ತು. ಹೆಚ್ಚು ಮಾತಾಡಿದ್ರೆ ಇರೋದನ್ನೂ ನೋಡಲ್ಲ ಅನ್ನೋ ಹೆದರಿಕೆ ನಮ್ಮ ಕೇರಿಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಅದೇ ವಾರ್ಡಿನಲ್ಲಿ ಎರಡು ಮಂಚ ಆಚೆ ಒಬ್ಬ ಮೇಷ್ಟ್ರ ತಾಯಿ ಇದ್ರು. ಅವರ ಕೈಯೂ ಅದೇ ರಾತ್ರಿ ಊದಿತು. ಮೇಷ್ಟ್ರು ನೇರ ಟೇಬಲ್ ಹತ್ರ ಹೋಗಿ ಜೋರು ಮಾಡಿದ್ರು, ಡಾಕ್ಟ್ರಿಗೆ ಫೋನ್ ಮಾಡ್ತೀನಿ ಅಂದ್ರು. ಹತ್ತು ನಿಮಿಷದಲ್ಲಿ ಸಿಸ್ಟರ್ ಬಂದು, ಅಜ್ಜಿ ಕೈ ಮುಟ್ಟಿ ನೋಡಿ, ಸೂಜಿ ಕಿತ್ತು ಇನ್ನೊಂದು ಕೈಗೆ ಹಾಕಿದ್ರು. ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ತಾಯಿಗೆ ಮಾಡಬೇಕಾದ್ದನ್ನೇ ಮಾಡಿದ್ರು. ನಾನು ಹೇಳ್ತಿರೋದು ಇಷ್ಟೇ: ಅದೇ ಆಸ್ಪತ್ರೆ, ಅದೇ ಸಿಸ್ಟರ್, ಅದೇ ರಾತ್ರಿ. ಕೈ ನೋಡೋಕೆ ಬರುತ್ತೆ, ಸೂಜಿ ಬದಲಾಯಿಸೋಕೆ ಬರುತ್ತೆ, ಪುರುಸೊತ್ತೂ ಇತ್ತು.

ಬೆಳಿಗ್ಗೆ ನಾನು ಹೋದಾಗ ಚಿಕ್ಕವ್ವನ ಕೈ ಮೊಣಕೈವರೆಗೂ ಊದಿ ಬಿಗಿದುಕೊಂಡಿತ್ತು. ಬಳೆ ಚರ್ಮದೊಳಗೆ ಇಳಿದಿತ್ತು. ಬೆರಳು ತಣ್ಣಗಿದ್ದವು. ಡ್ರಿಪ್ಸ್ ಇನ್ನೂ ಹನೀತಾನೇ ಇತ್ತು! ಹನ್ನೊಂದು ಗಂಟೆಗೆ ಡ್ಯೂಟಿ ಡಾಕ್ಟ್ರು ಬಂದು ಸೂಜಿ ತೆಗೆಸಿದ್ರು. ಸಂಜೆಗೆ ನೀರು ತುಂಬಿದ ಬೊಬ್ಬೆ ಎದ್ದವು, ಮಾರನೇ ದಿನಕ್ಕೆ ಚರ್ಮ ಕಪ್ಪಾಯ್ತು. ಜಿಲ್ಲಾ ಆಸ್ಪತ್ರೆಗೆ ರೆಫರ್, ಅಲ್ಲಿಂದ ಬೆಂಗಳೂರಿಗೆ ರೆಫರ್. ಕಿರುಬೆರಳು, ಉಂಗುರದ ಬೆರಳು ತೆಗೆದ್ರು. ತೊಡೆ ಚರ್ಮ ತೆಗೆದು ಕೈ ಮೇಲೆ ಹಾಕಿದ್ರು. ಉಳಿದ ಬೆರಳು ಇವತ್ತಿಗೂ ಸರಿಯಾಗಿ ಮಡಚೋಕಾಗಲ್ಲ.

ವಾಂತಿ ಭೇದಿಗೆ ಹೋದ ಹೆಂಗಸು, ಕೈ ಕಳ್ಕೊಂಡು ಬಂದಳು.

ಏನಾಗಿದ್ದು ಅಂತ ನಮಗೆ ಬಿಡಿಸಿ ಹೇಳಿದ್ದು ಬೆಂಗಳೂರಿನ ಒಬ್ಬ ಚಿಕ್ಕ ವಯಸ್ಸಿನ ಸರ್ಜನ್. ಸೂಜಿ ತುದಿ ನರದಿಂದ ಜಾರಿದ್ರೆ, ಇಲ್ಲಾ ನರ ಒಡೆದ್ರೆ, ಔಷಧಿ ರಕ್ತಕ್ಕೆ ಹೋಗಲ್ಲ, ಸುತ್ತಲಿನ ಮಾಂಸಕ್ಕೆ ಇಳಿಯುತ್ತೆ. ಬರೀ ಸಲೈನ್ ಆದ್ರೆ ಊದಿಕೊಳ್ಳುತ್ತೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಆದ್ರೆ ಕೆಲವು ಔಷಧಿ ಹೊರಗೆ ಸೋರಿದ್ರೆ ಮಾಂಸ ಸುಡುತ್ತೆ. ಭೇದಿಯಲ್ಲಿ ಕಡಿಮೆಯಾಗೋ ಪೊಟ್ಯಾಸಿಯಂ ತುಂಬೋಕೆ ಹಾಕೋ ಪೊಟ್ಯಾಸಿಯಂ ಕ್ಲೋರೈಡ್, ಕ್ಯಾಲ್ಸಿಯಂ, ಫಿಟ್ಸಿಗೆ ಕೊಡೋ ಫೆನಿಟಾಯಿನ್, ಗಟ್ಟಿ ಗ್ಲೂಕೋಸ್, ಬಿಪಿ ಏರಿಸೋಕೆ ಕೊಡೋ ನಾರ್‌ಅಡ್ರಿನಲಿನ್, ಕ್ಯಾನ್ಸರಿನ ಕೆಲವು ಔಷಧಿ, ಇವೆಲ್ಲ ಆ ಜಾತಿಯವು. ಊತ ಜಾಸ್ತಿಯಾದ್ರೆ ಒಳಗಿನ ಒತ್ತಡಕ್ಕೆ ರಕ್ತ ಓಡಾಟವೇ ನಿಂತು ಬೆರಳು ಸಾಯುತ್ತೆ.

ನಾನು ಕೇಳಿದೆ, "ಇದು ಯಾರಿಗೆ ಬೇಕಾದ್ರೂ ಆಗಬಹುದಾ ಸಾರ್?" ಅವರು ಪ್ರಾಮಾಣಿಕವಾಗಿ ಹೇಳಿದ್ರು: "ಸೋರೋದು ಯಾರಿಗೆ ಬೇಕಾದ್ರೂ ಆಗುತ್ತೆ. ದೊಡ್ಡ ಆಸ್ಪತ್ರೆಯಲ್ಲೂ ಆಗುತ್ತೆ. ಉರಿ ಅಂದ ತಕ್ಷಣ ನಿಲ್ಲಿಸಿದ್ರೆ ಬಹಳಷ್ಟು ಸಲ ಇಲ್ಲೀವರೆಗೆ ಬರಲ್ಲ."

ಈ ಮಾತು ನೆನಪಿಟ್ಕೊಳ್ಳಿ. ಡ್ರಿಪ್ಸ್ ಹಾಕಿದ ಜಾಗ ಸೋರೋದು ತೊಡಕು. ಸೋರಿದೆ ಅಂತ ರೋಗಿ ಬಾಯಿಬಿಟ್ಟು ಹೇಳಿದ ಮೇಲೂ ಇಡೀ ರಾತ್ರಿ ನೋಡದೆ ಇರೋದು ನಿರ್ಲಕ್ಷ್ಯ. ಈ ಎರಡರ ನಡುವಿನ ಗೆರೆಯನ್ನ ಅಳಿಸೋದೇ ಆಸ್ಪತ್ರೆಗಳ ಮೊದಲ ಕೆಲಸ. ನಮಗೆ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ಏನಿತ್ತು ಗೊತ್ತಾ? "ಬಲಗೈ ಸೆಲ್ಯುಲೈಟಿಸ್." ಅಂದ್ರೆ ಚರ್ಮಕ್ಕೆ ಸೋಂಕು. ಎಲ್ಲಿಂದ ಬಂತು ಅಂತಿಲ್ಲ. ಡ್ರಿಪ್ಸ್ ಮಾತೇ ಇಲ್ಲ. ಯಾವ ಔಷಧಿ ಸೇರಿಸಿದ್ರು, ಎಷ್ಟು ಗಂಟೆಗೆ, ಯಾರು ಕೈ ನೋಡಿದ್ರು, ಕೇಸ್ ಶೀಟಿನಲ್ಲಿ ಆ ರಾತ್ರಿಯ ಜಾಗ ಖಾಲಿ. ಚಿಕ್ಕವ್ವ ಮೂರು ಸಲ ಹೇಳಿದ ಮಾತು ಎಲ್ಲೂ ದಾಖಲಾಗಿಲ್ಲ.

ಈಗ ಕಾನೂನಿನ ಕಥೆ ಕೇಳಿ. ಗೆಳೆಯರಾದ ವಕೀಲರ ಹತ್ರ ಹೋದೆ. ಅವರ ಮೊದಲ ಪ್ರಶ್ನೆ: "ದುಡ್ಡು ಕಟ್ಟಿದ ರಸೀದಿ ಐತಾ?"

"ಸರ್ಕಾರಿ ಆಸ್ಪತ್ರೆ ಅಣ್ಣ. ಹತ್ತು ರೂಪಾಯಿ ಚೀಟಿ ಐತೆ."

"ಹಂಗಾದ್ರೆ ಗ್ರಾಹಕರ ಕೋರ್ಟಿಗೆ ಹೋಗಕ್ಕಾಗಲ್ಲ. ನಿಮ್ಮ ಚಿಕ್ಕವ್ವ ಗ್ರಾಹಕಿ ಅಲ್ಲ."

1995 ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನ ಗ್ರಾಹಕರ ರಕ್ಷಣಾ ಕಾಯ್ದೆಯೊಳಗೆ ತಂತು. ಒಳ್ಳೆ ತೀರ್ಪು, ಅದರಿಂದ ಸಾವಿರಾರು ಜನಕ್ಕೆ ದಾರಿ ಆಯ್ತು. ಆದರೆ ಅದೇ ತೀರ್ಪು ಒಂದು ಬಾಗಿಲು ಹಾಕಿತು: ಎಲ್ಲರಿಗೂ ಪುಕ್ಕಟೆ ನೋಡೋ ಆಸ್ಪತ್ರೆ ಇದರೊಳಗೆ ಬರಲ್ಲ. ನೋಂದಣಿಗೆ ಅಂತ ಕಟ್ಟೋ ಸಣ್ಣ ದುಡ್ಡು ಲೆಕ್ಕಕ್ಕಿಲ್ಲ. ಅಂದ್ರೆ ನಮ್ಮ ಹತ್ತು ರೂಪಾಯಿ ಚೀಟಿಗೆ ಕಿಮ್ಮತ್ತಿಲ್ಲ. ಕೆಲವರಿಂದ ದುಡ್ಡು ತಗೊಂಡು ಕೆಲವರಿಗೆ ಪುಕ್ಕಟೆ ನೋಡೋ ಆಸ್ಪತ್ರೆ ಆದ್ರೆ ಪುಕ್ಕಟೆ ರೋಗಿಯೂ ಕೇಸು ಹಾಕಬಹುದು. ಎಲ್ಲರೂ ಬಡವರೇ ಇರೋ ಕಡೆ ಮಾತ್ರ ಯಾರಿಗೂ ಆ ಹಕ್ಕಿಲ್ಲ.

ಎರಡು ಪ್ರಕರಣ ಪಕ್ಕಪಕ್ಕ ಇಡ್ತೀನಿ. 1993 ರ ಡಿಸೆಂಬರ್. ಟೈಫಾಯ್ಡ್ ಅಂತ ಖಾಸಗಿ ಆಸ್ಪತ್ರೆಗೆ ಸೇರಿಸಿದ ಒಂದು ಮಗುವಿಗೆ ನರ್ಸ್ ನರದ ಮೂಲಕ ತಪ್ಪು ಇಂಜೆಕ್ಷನ್ ಕೊಟ್ಟರು. ಹೃದಯ ನಿಂತು, ಮಗುವಿನ ಮೆದುಳು ಸತ್ತಂತಾಯ್ತು. ಆ ನರ್ಸಿಗೆ ಸರಿಯಾದ ಅರ್ಹತೆಯೇ ಇರಲಿಲ್ಲ. ರಾಷ್ಟ್ರೀಯ ಗ್ರಾಹಕರ ಆಯೋಗ ಮಗುವಿಗೆ 12.5 ಲಕ್ಷ, ಅಪ್ಪ ಅಮ್ಮನಿಗೆ 5 ಲಕ್ಷ ಪರಿಹಾರ ಕೊಡಿಸಿತು, 1998 ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಇನ್ನೊಂದು: 1963 ರ ಜುಲೈ, ಔರಂಗಾಬಾದಿನ ಸರ್ಕಾರಿ ಆಸ್ಪತ್ರೆ. ಹೆರಿಗೆಗೆ ಹೋದ ಹೆಣ್ಣುಮಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದರು. ಎರಡೇ ವಾರಕ್ಕೆ ಸತ್ತಳು. ಮನೆಯವರು ಸಿವಿಲ್ ದಾವೆ ಹೂಡಿದ್ರು. ಸುಪ್ರೀಂ ಕೋರ್ಟಿನ ಕೊನೆ ತೀರ್ಪು ಬಂದಿದ್ದು 1996 ರಲ್ಲಿ. ಸಿಕ್ಕಿದ್ದು 36 ಸಾವಿರ ರೂಪಾಯಿ.

ಒಂದಕ್ಕೆ ಐದು ವರ್ಷ, ಒಂದಕ್ಕೆ ಮೂವತ್ಮೂರು ವರ್ಷ. ಮಗು ಗೆದ್ದದ್ದು ನ್ಯಾಯ, ಅದಕ್ಕೆ ತಕರಾರಿಲ್ಲ. ನಮಗೆ ಉಳಿದಿರೋ ದಾರಿ ಮಾತ್ರ ಎರಡನೆಯದು: ಸಿವಿಲ್ ಕೋರ್ಟು, ಇಲ್ಲಾ ಹೈಕೋರ್ಟಿನಲ್ಲಿ ರಿಟ್. ಕೂಲಿ ಬಿಟ್ಟು ಹೈಕೋರ್ಟ್ ಮೆಟ್ಟಿಲು ಹತ್ತೋಕೆ ಚಿಕ್ಕವ್ವನಿಗೆ ಎಷ್ಟು ವರ್ಷ ಉಳಿದಿದೆ?

ಪೊಲೀಸ್ ಕೇಸ್ ಹಾಕಿ ಅಂತ ಕೆಲವರು ಹೇಳ್ತಾರೆ. 2005 ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಡಾಕ್ಟರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಸಣ್ಣಪುಟ್ಟ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯ ಬೇಕು. ಮುಂದುವರಿಯೋ ಮುಂಚೆ ತನಿಖಾಧಿಕಾರಿ ಇನ್ನೊಬ್ಬ ಡಾಕ್ಟರ, ಆದಷ್ಟೂ ಸರ್ಕಾರಿ ಡಾಕ್ಟರ, ಅಭಿಪ್ರಾಯ ತಗೋಬೇಕು. ಸುಳ್ಳು ಕೇಸಿನಿಂದ ಡಾಕ್ಟರನ್ನ ಕಾಪಾಡಬೇಕು ಅನ್ನೋದು ನ್ಯಾಯವೇ. ಆದ್ರೆ ಸರ್ಕಾರಿ ಆಸ್ಪತ್ರೆಯ ತಪ್ಪನ್ನ ಸರ್ಕಾರಿ ಡಾಕ್ಟರೇ ಅಳೆದು ಹೇಳಬೇಕು ಅಂದಾಗ ಕೇರಿಯ ಹೆಂಗಸಿನ ಮಾತು ಎಲ್ಲಿ ತೂಗುತ್ತೆ? ಇನ್ನು ಸಾವು ಆದ್ರೆ, 2024 ರ ಜುಲೈ 1 ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106 ನೇ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಆದ್ರೆ ಎರಡೇ ವರ್ಷದವರೆಗೆ.

ಇದು ಒಂದು ಕೈಯ ಕಥೆ. ಡ್ರಿಪ್ಸ್ ವಿಚಾರದಲ್ಲಿ ಬಳ್ಳಾರಿಯನ್ನ ಮರೆಯೋಕಾಗುತ್ತಾ? 2024 ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಿಡ್ನಿ ಕೈಕೊಟ್ಟು ನರಳಿದ್ರು. ಐದು ತಾಯಂದಿರು ಸತ್ತರು. ಅನುಮಾನ ಬಂದಿದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಕಂಪನಿಯ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯಕ್ಕೆ ಮುಂಚೆಯೇ ಸಂಶಯ ಇತ್ತು. ರಾಜ್ಯದ ಲ್ಯಾಬು ಸರಿ ಇಲ್ಲ ಅಂದ ಬ್ಯಾಚುಗಳಲ್ಲಿ ಕೆಲವನ್ನ ಕೇಂದ್ರದ ಲ್ಯಾಬು ಸರಿ ಇದೆ ಅಂತು. ಆ ಜಗ್ಗಾಟದ ನಡುವೆ ಬಾಟ್ಲಿಗಳು ವಾರ್ಡಿಗೆ ಬಂದವು. ಸಾವಾದ ಮೇಲೆ ರಾಜ್ಯದ ಔಷಧ ನಿಯಂತ್ರಕರು ಅಮಾನತಾದ್ರು, ಪರಿಹಾರ ಘೋಷಣೆ ಆಯ್ತು. ಬಾಣಂತಿ ಕೈಗೆ ಏರೋ ಬಾಟ್ಲಿ ಮೇಲಿನ ಬ್ಯಾಚ್ ನಂಬರನ್ನ ಅವಳ ಮನೆಯವರು ಓದಿ ಸಂಶಯಪಡೋಕಾಗುತ್ತಾ? ಅವರ ಪರವಾಗಿ ಸಂಶಯಪಡಬೇಕಾಗಿದ್ದು ಸರ್ಕಾರ. ಸಂಶಯ ಇದ್ದ ಬಾಟ್ಲಿಯನ್ನ ಸಂಶಯ ತೀರೋವರೆಗೂ ಬೀರುವಿನಲ್ಲಿಡಬೇಕು. ಇದಕ್ಕೆ ಡಾಕ್ಟರ್ ಓದು ಬೇಕಾಗಿಲ್ಲ.

"ಎಲ್ಲದಕ್ಕೂ ಜಾತಿ ತರ್ತೀರಲ್ಲ" ಅಂತ ಕಮೆಂಟ್ ಹಾಕೋಕೆ ಕೆಲವರು ಈಗಲೇ ಟೈಪ್ ಮಾಡ್ತಿರಬಹುದು. ಸ್ವಲ್ಪ ತಡೀರಿ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಿಕ್ಷಕರ ಪತ್ರದ ವಿಚಾರ ಬರೀತಾರೆ. 1929 ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಪತ್ರ. ಆ ಶಿಕ್ಷಕರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲ್ಲ, ಅವಳನ್ನ ಮುಟ್ಟಲ್ಲ. ಎರಡು ರೂಪಾಯಿ ಫೀಸಿಗೆ ಕೇರಿ ಆಚೆ ನಿಂತು ನೋಡೋಕೆ ಒಪ್ಪಿದ್ರು. ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟರು, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್. ದೀಪದ ಬೆಳಕಿನಲ್ಲಿ ಓದಿ ನ್ಯುಮೋನಿಯಾ ಅಂದು ಹೊರಟುಹೋದ್ರು. ಆಕೆ ಸತ್ತಳು.

ಆ ಡಾಕ್ಟರು ಫೀಸು ತಗೊಂಡ್ರು, ಜ್ವರ ಅಳೆದ್ರು, ಕಾಯಿಲೆಗೆ ಹೆಸರನ್ನೂ ಹೇಳಿದ್ರು. ಮುಟ್ಟಲಿಲ್ಲ, ಅಷ್ಟೇ. ಚಿಕ್ಕವ್ವನಿಗೂ ಚೀಟಿ ಆಯ್ತು, ಮಂಚ ಸಿಕ್ತು, ಬಾಟ್ಲಿ ಏರಿತು. ಉರಿ ಅಂದಾಗ ಹತ್ತು ಹೆಜ್ಜೆ ನಡೆದು ಬಂದು ಕೈ ಮುಟ್ಟಿ ನೋಡಲಿಲ್ಲ, ಅಷ್ಟೇ. ಆ ಸಿಸ್ಟರ್ ಜಾತಿ ನೋಡಿ ಹಾಗೆ ಮಾಡಿದ್ರು ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ. ಅವರ ಮನಸ್ಸಿನೊಳಗೆ ನಾನು ಹೊಕ್ಕು ನೋಡಿಲ್ಲ. ಯಾರ ನೋವನ್ನ ನಂಬಬೇಕು, ಯಾರದ್ದನ್ನ ಗೊಣಗಾಟ ಅಂತ ತಳ್ಳಿಹಾಕಬಹುದು ಅನ್ನೋದನ್ನ ನಮ್ಮ ಸಮಾಜ ಸೀರೆ ನೋಡಿ, ಮಾತಿನ ಧಾಟಿ ನೋಡಿ, ಊರು ಕೇರಿ ಕೇಳಿ ಕ್ಷಣದಲ್ಲಿ ತೀರ್ಮಾನ ಮಾಡುತ್ತೆ. ಆ ತೀರ್ಮಾನಕ್ಕೆ ನಾನು ಜಾತಿ ಅಂತೀನಿ. ನಿಮ್ಮ ಹತ್ರ ಬೇರೆ ಹೆಸರಿದ್ರೆ ಹೇಳಿ.

ನಮ್ಮ ಕಡೆ ತಪ್ಪನ್ನೂ ಹೇಳಿಬಿಡ್ತೀನಿ. ನಮ್ಮ ಕೇರಿಗಳಲ್ಲಿ ಸುಸ್ತು ಅಂದ್ರೆ ಸಾಕು, "ಒಂದು ಗ್ಲೂಕೋಸ್ ಹಾಕಿಸ್ಕೊಂಡು ಬಾ" ಅಂತೀವಿ. ಊರಿನ ಡಿಗ್ರಿ ಇಲ್ಲದ 'ಡಾಕ್ಟ್ರು' ಒಂದು ದಿನದ ಕೂಲಿ ಕಿತ್ಕೊಂಡು ಗೋಡೆ ಮೊಳೆಗೆ ಬಾಟ್ಲಿ ನೇತುಹಾಕ್ತಾರೆ. ಅರ್ಧ ಲೀಟರ್ ಶೇ. 5 ರ ಗ್ಲೂಕೋಸ್ ಬಾಟ್ಲಿಯಲ್ಲಿರೋದು 25 ಗ್ರಾಂ ಸಕ್ಕರೆ, ಅಂದ್ರೆ ಐದಾರು ಟೀ ಚಮಚ. ಅರ್ಧ ಲೀಟರ್ ಸಲೈನ್‌ನಲ್ಲಿರೋದು ನಾಲ್ಕೂವರೆ ಗ್ರಾಂ ಉಪ್ಪು. ಕುಡಿಯೋಕೆ ಆಗೋ ಮನುಷ್ಯನಿಗೆ ಓಆರ್‌ಎಸ್ ಪುಡಿ, ಗಂಜಿ ಸಾಕು. ಬೇಡದ ಬಾಟ್ಲಿ ಅಂದ್ರೆ ಬೇಡದ ಸೂಜಿ, ಬೇಡದ ಸೋಂಕು, ಬೇಡದ ಊತ. ಇದನ್ನ ನಾವೇ ನಮ್ಮವರಿಗೆ ಹೇಳಬೇಕು. ಆದ್ರೂ ಜನ ಅಲ್ಲಿಗೇ ಯಾಕೆ ಹೋಗ್ತಾರೆ ಅಂತ ಚಿಕ್ಕವ್ವನನ್ನೇ ಕೇಳಿದೆ. "ಆತ ಕೈ ಹಿಡ್ಕೊಂಡು ಏನವ್ವ ಅಂತ ಕೇಳ್ತಾನೆ ಕಣಪ್ಪ" ಅಂದಳು. ಸರ್ಕಾರಿ ಆಸ್ಪತ್ರೆ ಕಟ್ಟೋರು ಈ ಒಂದು ಉತ್ತರವನ್ನ ಗೋಡೆಗೆ ಬರೆಸಬೇಕು.

ಇನ್ನೊಂದು ಮಾತು. ದಯವಿಟ್ಟು ಯಾರೂ ಆಸ್ಪತ್ರೆಗೆ ನುಗ್ಗಿ ಸಿಸ್ಟರ್ ಮೇಲೆ ಕೈ ಮಾಡೋ ಮಾತಾಡಬೇಡಿ. ಆ ರಾತ್ರಿ ಆ ವಾರ್ಡಿಗೆ ಇದ್ದಿದ್ದು ಒಬ್ಬರೇ ಸಿಸ್ಟರ್. ಗುತ್ತಿಗೆ ನೌಕರಿ. ವಾರ್ಡ್ ತೊಳೆಯೋ ಹೆಣ್ಣುಮಕ್ಕಳಲ್ಲಿ ನಮ್ಮವರೇ ಜಾಸ್ತಿ, ಅವರದೂ ಗುತ್ತಿಗೆ. ಆಕೆ ತಪ್ಪು ಆಕೆಯದ್ದೇ, ಅದಕ್ಕೆ ವಿಚಾರಣೆ ಆಗಲಿ. ಆದ್ರೆ ವಿಚಾರಣೆ ಒಬ್ಬ ಗುತ್ತಿಗೆ ನರ್ಸಿನ ಮೇಲೆ ಶುರುವಾಗಿ ಅವಳ ಮೇಲೇ ಮುಗಿದ್ರೆ, ಮೇಲಿನವರೆಲ್ಲ ಬಚಾವು. ಒಬ್ಬರಿಗೆ ಅಷ್ಟು ಮಂಚ ಕೊಟ್ಟವರ ಹೆಸರೂ ಆ ಕಾಗದದಲ್ಲಿ ಇರಬೇಕು.

ನಾವು ಕೇಳ್ತಿರೋದು ಇವು:

1. ಪ್ರತಿ ಪಾಳಿಯಲ್ಲೂ ಡ್ರಿಪ್ಸ್ ಹಾಕಿದ ಜಾಗ ನೋಡಿ, ಸಮಯ ಬರೆದು ಸಹಿ ಮಾಡೋ ಹಾಳೆ ಪ್ರತಿ ಮಂಚಕ್ಕೂ ಇರಲಿ. ಸೂಜಿ ಹಾಕಿದ ದಿನ, ಗಂಟೆ ಪ್ಲಾಸ್ಟರ್ ಮೇಲೆ ಬರೀಲಿ.

2. ಏರಿಸಿದ ಪ್ರತಿ ಬಾಟ್ಲಿಯ ಬ್ಯಾಚ್ ನಂಬರ್, ಅದಕ್ಕೆ ಸೇರಿಸಿದ ಔಷಧಿ ಕೇಸ್ ಶೀಟಿಗೆ ಏರಲಿ.

3. ಖಾಸಗಿ ಆಸ್ಪತ್ರೆಗಳಿಗೆ 2007 ರ ಕೆಪಿಎಂಇ ಕಾಯ್ದೆ ಇದೆ. 2017 ರ ತಿದ್ದುಪಡಿಯಲ್ಲಿ ಜಿಲ್ಲಾ ಮಟ್ಟದ ದೂರು ಪ್ರಾಧಿಕಾರ, ರೋಗಿಗಳ ಹಕ್ಕುಪಟ್ಟಿ ಬಂದವು. ಆವತ್ತು ಮುಷ್ಕರ ಮಾಡಿದ ಖಾಸಗಿ ಡಾಕ್ಟರು ಸರ್ಕಾರಿ ಆಸ್ಪತ್ರೆಗೆ ಯಾಕಿಲ್ಲ ಅಂತ ಕೇಳಿದ್ರು. ಅವರ ಉದ್ದೇಶ ಏನೇ ಇರಲಿ, ಪ್ರಶ್ನೆ ಸರಿ ಇತ್ತು. ಸರ್ಕಾರಿ ಆಸ್ಪತ್ರೆ ರೋಗಿಗೂ ಅದೇ ಹಕ್ಕು, ಅಂಥದೇ ಪ್ರಾಧಿಕಾರ ಬೇಕು.

4. ಪುಕ್ಕಟೆ ಚಿಕಿತ್ಸೆ ಪಡೆದವರಿಗೂ ಪರಿಹಾರ ಸಿಗೋ ಕಾನೂನು ಬೇಕು. ತೆರಿಗೆ ನಾವೂ ಕಟ್ತೀವಿ. ಬೆಂಕಿಪೊಟ್ಟಣ ಕೊಂಡಾಗಲೂ ಕಟ್ತೀವಿ.

ಇವೆಲ್ಲ ಸಿಗೋವರೆಗೆ ನಿಮ್ಮ ಕೈಲಾಗೋದು. ಡ್ರಿಪ್ಸ್ ಹಾಕಿದ ಕೈ ಉರಿದ್ರೆ, ಊದಿದ್ರೆ, ಬೆಳ್ಳಗೆ ಅಥವಾ ತಣ್ಣಗೆ ಆದ್ರೆ, ಜುಮ್ಮೆಂದ್ರೆ ತಕ್ಷಣ ಸಿಸ್ಟರನ್ನ ಕರೀರಿ, ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಿ. ಬಳೆ, ಉಂಗುರ ಮೊದಲೇ ತೆಗೆದಿಡಿ. ಕೇಳದಿದ್ರೆ ಕೈಯದು, ಬಾಟ್ಲಿಯದು ಗಂಟೆ ಸಮೇತ ಫೋಟೋ ತೆಗೀರಿ, ಡ್ಯೂಟಿ ಡಾಕ್ಟ್ರನ್ನ ಕರೆಸಿ. ಕೇಸ್ ಶೀಟಿನ ನಕಲು ಬರವಣಿಗೆಯಲ್ಲಿ ಕೇಳಿ. ವೈದ್ಯಕೀಯ ಪರಿಷತ್ತಿನ 2002 ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಸರ್ಕಾರಿ ಆಸ್ಪತ್ರೆ ಆದ್ರೆ ಆರ್‌ಟಿಐ ಕೂಡ ಹಾಕಿ. ದುಡ್ಡು ಕಟ್ಟಿದ ಆಸ್ಪತ್ರೆ ಆದ್ರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಿ. ವಕೀಲರೇ ಬೇಕು ಅಂತಿಲ್ಲ. ಡಾಕ್ಟರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ನಮ್ಮ ದೂರು ಹೋದ ವಾರ ಕೊಟ್ವಿ. ಚಿಕ್ಕವ್ವ ಸಾಕ್ಷರತಾ ಆಂದೋಲನದ ಕಾಲದಲ್ಲಿ ಸಹಿ ಮಾಡೋಕೆ ಕಲಿತವಳು. ಆಮೇಲೆ ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ. ಸಂಘದ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ, ಕೂಲಿ ಹಾಳೆಯಲ್ಲಿ ಅವಳದೇ ವಂಕಿ ವಂಕಿ ಅಕ್ಷರ. ದೂರಿನ ಮೇಲೆ ಪೆನ್ನು ಹಿಡಿಯೋಕೆ ಎರಡು ಸಲ ನೋಡಿದಳು, ಬೆರಳು ಮಡಚಲಿಲ್ಲ. ಕೊನೆಗೆ ಎಡಗೈ ಹೆಬ್ಬೆಟ್ಟು ಚಾಚಿ "ಒತ್ತಿಸ್ಕೊಳ್ಳಪ್ಪ" ಅಂದಳು.

ಸಹಿಯಿಂದ ಹೆಬ್ಬೆಟ್ಟಿಗೆ ವಾಪಸ್ ಕಳಿಸಿದ್ದಾರೆ ಅವಳನ್ನ. ಇದಕ್ಕೆ ಉತ್ತರ ಕೇಳೋಕೆ ನಾವು ತಾಲ್ಲೂಕು ಆಸ್ಪತ್ರೆ ಮುಂದೆ ಕೂರ್ತೀವಿ. ದಿನ ತಿಳಿಸ್ತೀನಿ. ನಿಮ್ಮ ಊರಿನಲ್ಲೂ ಇಂಥ ಕೈ ಇದ್ರೆ ಕರ್ಕೊಂಡು ಬನ್ನಿ.

ಜೈ ಭೀಮ್.